ವಿಂಡೋಸ್ ಸರ್ವರ್‌ನ ರಿಮೋಟ್ ಡೆಸ್ಕ್‌ಟಾಪ್: 4 ಮಳೆಗಾಲ ಕಂಡ ಮೇಲೆ

ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಆಫೀಸಿನಲ್ಲಿ ವಿಂಡೋಸ್ ಸರ್ವರ್ 2019 ಇದೆ. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ಅದರಲ್ಲೇ. ಅದನ್ನು ನೋಡಿಕೊಳ್ಳುವ ನಾನಿರುವುದು ವಿರಾಜಪೇಟೆಯಲ್ಲಿ. ಕತ್ತಲಾದ ಮೇಲೆ ಆ ದಾರಿಯಲ್ಲಿ ಆನೆ ಯಾವ ತಿರುವಿನಲ್ಲಿ ನಿಂತಿರುತ್ತದೋ ಹೇಳಲಾಗದು. ಹಾಗಾಗಿ ದೂರದಿಂದಲೇ ಸರ್ವರ್‌ನ ಪರದೆ ತೆರೆದು ಕೆಲಸ ಮಾಡಲು ಬಿಡುವ ರಿಮೋಟ್ ಡೆಸ್ಕ್‌ಟಾಪ್ ನನಗೆ ಶೋಕಿಯಲ್ಲ.

ಆನ್ ಮಾಡುವುದು ಸಲೀಸು. ಹೊಸ ಸರ್ವರ್‌ನಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಸರ್ವರ್ ಮ್ಯಾನೇಜರ್‌ನ ‘ಲೋಕಲ್ ಸರ್ವರ್’ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎದುರಿನ ‘ಡಿಸೇಬಲ್ಡ್’ ಒತ್ತಿ ಅನುಮತಿ ಕೊಟ್ಟರಾಯಿತು. ಎನ್‌ಎಲ್‌ಎ (ಪರದೆ ತೆರೆಯುವ ಮೊದಲೇ ಪಾಸ್‌ವರ್ಡ್ ಕೇಳುವ ಕಾವಲು) ಟಿಕ್ ಮಾತ್ರ ತೆಗೆಯಬೇಡಿ. ಇಷ್ಟಾದರೂ ಅಲ್ಲಿ ‘ಡಿಸೇಬಲ್ಡ್’ ಅಂತಲೇ ಕಾಣುತ್ತದೆ, ರಿಫ್ರೆಶ್ ಮಾಡುವ ತನಕ. ಇದು ತಿಳಿಯದೆ ಮೊದಲ ದಿನ ಮೂರು ಸಲ ಆನ್ ಮಾಡಿದ್ದೆ.

ಗ್ರಹಚಾರವೆಲ್ಲ ಆಫ್ ಮಾಡುವುದರಲ್ಲಿದೆ. ಎರಡು ವರ್ಷದ ಹಿಂದೆ, ಜುಲೈ, ಜಡಿಮಳೆ. ಮನೆಯಿಂದಲೇ ಲಾಗ್ ನೋಡಿದರೆ ಸೋತ ಲಾಗಿನ್‌ಗಳ ಸಾಲು, ಎಲ್ಲ 4625 (ಸೋತ ಲಾಗಿನ್‌ಗೆ ವಿಂಡೋಸ್ ಹಾಕುವ ಸಂಖ್ಯೆ). ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲಾದ 3389 ಪೋರ್ಟನ್ನು ಹೊರಗಿನ ಲೋಕಕ್ಕೆ ತೆರೆದಿಟ್ಟವನು ನಾನೇ. ಗಾಬರಿಯಲ್ಲಿ, ಯಾವ ಕೊಂಬೆಯ ಮೇಲೆ ಕೂತಿದ್ದೆನೋ ಅದನ್ನೇ ಕಡಿದೆ: ರಿಮೋಟ್‌ನಲ್ಲೇ ಕೂತು ರಿಮೋಟ್ ಆಫ್ ಮಾಡಿದೆ. ಸ್ವಲ್ಪ ಹೊತ್ತಿಗೆ ಮನೆಯ ಕರೆಂಟ್ ಹೋಯಿತು. ಬಂದ ಮೇಲೆ ಒಳಗೆ ಹೋಗುವ ದಾರಿಯೇ ಇಲ್ಲ. ಮರುದಿನ ಬಟವಾಡೆ, ರಸ್ತೆಗೆ ಮರ ಬಿದ್ದಿದೆ.

ತೋಟದ ರೈಟರ್‌ಗೆ (ಗುಮಾಸ್ತ) ಫೋನ್ ಮಾಡಿ, ಸರ್ವರ್ ಮುಂದೆ ಕೂರಿಸಿ ಮತ್ತೆ ಆನ್ ಮಾಡಿಸಿದೆ. “ಅಣ್ಣ, ಇದನ್ನ ಒತ್ತಿದ್ರೆ ಲೆಕ್ಕ ಎಲ್ಲ ಹೋಗಲ್ಲ ಅಲ್ವಾ?” ಅಂತ ಪ್ರತಿ ಕ್ಲಿಕ್ಕಿಗೂ ಕೇಳಿದ. ಮಳೆಯ ಸದ್ದಿನಲ್ಲಿ ಅಡ್ಮಿನ್ ಪಾಸ್‌ವರ್ಡನ್ನು ನಾನು ಕಿರುಚಿ ಹೇಳಿದ್ದು ಆಳುಗಳ ಲೈನ್ ಮನೆಯವರಿಗೂ ಕೇಳಿಸಿರಬೇಕು. ಅದನ್ನು ಆ ರಾತ್ರಿಯೇ ಬದಲಿಸಿದೆ.

ಈಗ 3389 ಹೊರಗೆ ಮುಚ್ಚಿದೆ, ವಿಪಿಎನ್ (ಇಂಟರ್ನೆಟ್ ಒಳಗಿನ ಖಾಸಗಿ ಸುರಂಗ) ಮೂಲಕವೇ ಪ್ರವೇಶ. ಕೊಯ್ಲು ಮುಗಿದು ಕೆಲಸ ಕಡಿಮೆಯಾದಾಗ ಆಫ್ ಮಾಡುತ್ತೇನೆ, ಆದರೆ ಆಫೀಸಿಗೆ ಹೋಗಿ, ಸರ್ವರ್ ಮುಂದೆ ಕೂತು. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯ ‘ಎಫ್‌ಡಿನೈಟಿಎಸ್‌ಕನೆಕ್ಷನ್ಸ್’ 1 ಆದರೆ ಆಫ್, 0 ಆದರೆ ಆನ್. ಹೆಸರಿನಲ್ಲಿರುವ ‘ಡಿನೈ’ಯೇ ‘ಬೇಡ’ ಎನ್ನುವುದರಿಂದ ಲೆಕ್ಕ ತಿರುಗುಮುರುಗು, ಹಾಗಾಗಿ ಮಾನಿಟರ್ ಅಂಚಿಗೆ ಚೀಟಿ ಅಂಟಿಸಿದ್ದೇನೆ.

5ಕ್ಕೆ 4 ಕೊಡುತ್ತೇನೆ. ಒಂದು ಅಂಕ ಕಡಿಮೆಯಾಗಿದ್ದು ಲೈಸೆನ್ಸ್ ಗೊಂದಲಕ್ಕೆ. ಆಡಳಿತದ ಕೆಲಸಕ್ಕೆ ಒಟ್ಟಿಗೆ ಇಬ್ಬರಿಗಷ್ಟೇ ಜಾಗ. ಬೆಂಗಳೂರಿನಲ್ಲಿರುವ ಸಾಹುಕಾರರಿಗೂ, ಮಡಿಕೇರಿಯ ಲೆಕ್ಕಿಗರಿಗೂ ದಿನಾ ಬೇಕೆಂದರೆ ಆರ್‌ಡಿಎಸ್ (ಹೆಚ್ಚು ಜನರಿಗೆ ರಿಮೋಟ್ ಕೊಡುವ ಮೈಕ್ರೋಸಾಫ್ಟ್‌ನ ಸೇವೆ) ಹಾಕಬೇಕು. 120 ದಿನ ಬಿಟ್ಟಿ, ಆಮೇಲೆ ದುಡ್ಡು. ಸಾಹುಕಾರರಿಗೆ ಸದ್ಯ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಿದ್ದೇನೆ.