ಕ್ಯಾಶ್ ವ್ಯಾನ್ ಸೇವೆ: ತಗಡು ಗಟ್ಟಿ, ಬೀಗದ ಕೈಯದೇ ಚಿಂತೆ

ಎಟಿಎಂಗೆ ದುಡ್ಡು ತುಂಬಲು ಬ್ಯಾಂಕಿನವರು, ದಿನದ ವಸೂಲಿ ಕಟ್ಟಲು ಪೆಟ್ರೋಲ್ ಬಂಕು, ಚಿನ್ನದಂಗಡಿ, ಸೂಪರ್ ಮಾರ್ಕೆಟ್ಟಿನವರು ನೆಚ್ಚಿಕೊಂಡಿರುವುದು ಖಾಸಗಿ ಕ್ಯಾಶ್ ವ್ಯಾನನ್ನು. ಸೇಲ್ಸ್‌ನವರು ಮೊದಲು ತೋರಿಸುವುದು ಗಾಡಿಯ ಫೋಟೊ: ದಪ್ಪ ತಗಡು, ಕಿಟಕಿಗೆ ಜಾಲರಿ, ಹಿಂಬದಿಯಲ್ಲಿ ಕಬ್ಬಿಣದ ಪೆಟ್ಟಿಗೆ. ತಗಡಿಗೆ ಹತ್ತಕ್ಕೆ ಎಂಟು ಅಂಕ ಕೊಡಬಹುದು. ಒಟ್ಟು ಸೇವೆಗೆ ಐದು ಕೊಟ್ಟರೆ ಹೆಚ್ಚು.

ಯಾಕೆಂದರೆ ನಮ್ಮ ರಾಜ್ಯದ ದೊಡ್ಡ ಪ್ರಕರಣಗಳಲ್ಲಿ ಯಾರೂ ತಗಡು ಕೊರೆಯುವ ಗೋಜಿಗೇ ಹೋಗಿಲ್ಲ. 2016ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆ.ಜಿ. ರಸ್ತೆಯಿಂದ 1.37 ಕೋಟಿ ರೂಪಾಯಿ ಸಮೇತ ವ್ಯಾನ್ ಓಡಿಸಿಕೊಂಡು ಹೋದವನು ಅದರ ಚಾಲಕನೇ. 2025ರ ಜನವರಿ 16ರಂದು ಬೀದರ್‌ನಲ್ಲಿ ಬೈಕಿನಲ್ಲಿ ಬಂದ ಇಬ್ಬರು ಬ್ಯಾಂಕಿನ ಮುಂದೆಯೇ ಗುಂಡು ಹಾರಿಸಿ ಹಣದ ಪೆಟ್ಟಿಗೆ ಎತ್ತಿಕೊಂಡು ಹೋದರು. ಸಿಬ್ಬಂದಿಯ ಜೀವವೂ ಹೋಯಿತು. ಅದೇ ವರ್ಷ ನವೆಂಬರ್ 19ರಂದು ಬೆಂಗಳೂರಿನಲ್ಲಿ ರಿಸರ್ವ್ ಬ್ಯಾಂಕಿನವರೆಂದು ಹೇಳಿಕೊಂಡು ವ್ಯಾನ್ ತಡೆದು, ಹಾಡಹಗಲೇ 7.11 ಕೋಟಿ ಸಾಗಿಸಿದರು. ಮೂರರಲ್ಲೂ ಕೈಕೊಟ್ಟದ್ದು ಮನುಷ್ಯರ ವ್ಯವಸ್ಥೆ. ಕೊಳ್ಳುವವರು ಪರೀಕ್ಷಿಸಬೇಕಾದದ್ದೂ ಅದನ್ನೇ.

ಗಾಡಿಯ ವಿಷಯ ಬೇಗ ಮುಗಿಸೋಣ. ಸಿಬ್ಬಂದಿ ಕೂರುವ ಭಾಗ ಬೇರೆ, ಹಣ ಇಡುವ ಭಾಗ ಬೇರೆ ಇರಬೇಕು. ಟ್ಯೂಬ್‌ಲೆಸ್ ಟೈರು, ಹೂಟರ್, ಜಿಪಿಎಸ್, ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಕೇಂದ್ರ ಗೃಹ ಸಚಿವಾಲಯದ 2018ರ ನಿಯಮದ ಪ್ರಕಾರ ಒಂದು ಟ್ರಿಪ್ಪಿಗೆ 5 ಕೋಟಿಯೇ ಗರಿಷ್ಠ. 500ರ ನೋಟಿನಲ್ಲಿ ಅಷ್ಟೆಂದರೆ ನೂರು ನೋಟಿನ ಸಾವಿರ ಕಟ್ಟು, ತೂಕ ನೂರು ಕಿಲೋ ದಾಟುತ್ತದೆ. 100ರ ನೋಟಾದರೆ ಅದರ ಐದು ಪಟ್ಟು. ತಗಡಿನ ಭಾರದ ಮೇಲೆ ಇದೂ ಸೇರಿದಾಗ ಹಳೆಯ ಗಾಡಿಗಳ ಹಿಂದಿನ ಪಟ್ಟಿ ಸ್ಪ್ರಿಂಗು ಕೂತಿರುತ್ತದೆ, ಬ್ರೇಕ್ ಲೈನರ್ ಬೇಗ ಸವೆಯುತ್ತದೆ. ಎಸಿ ಕೆಟ್ಟಿದೆಯೇ ಎಂದು ಕೇಳಲು ಮರೆಯಬೇಡಿ. ಇದು ಸುಖದ ಮಾತಲ್ಲ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ತಗಡಿನೊಳಗೆ ಕೂರಲಾಗದೆ ಗನ್‌ಮ್ಯಾನ್ ಬಾಗಿಲು ತೆರೆದಿಟ್ಟುಕೊಳ್ಳುತ್ತಾನೆ. ಅಲ್ಲಿಗೆ ಅಷ್ಟೂ ತಗಡು ದಂಡ.

ಕ್ಯಾಮೆರಾ ಮೂರು ಬೇಕು: ಮುಂದೆ, ಹಿಂದೆ, ಒಳಗೆ. ಐದು ದಿನದ ರೆಕಾರ್ಡಿಂಗ್ ಉಳಿಯಬೇಕು. ಕುಲುಕಾಟಕ್ಕೆ ರೆಕಾರ್ಡ್ ಮಾಡುವ ಡಿವಿಆರ್‌ನ ಹಾರ್ಡ್‌ಡಿಸ್ಕ್ ಸಾಯುವುದು ಮಾಮೂಲು. ಲೈಟ್ ಮಿನುಗುತ್ತಿದ್ದರೂ ಒಳಗೆ ಏನೂ ಉಳಿದಿರುವುದಿಲ್ಲ. ನಾಲ್ಕು ದಿನದ ಹಿಂದಿನ ಹತ್ತು ನಿಮಿಷದ ತುಣುಕು ಕೇಳಿ. ಕೊಟ್ಟರೆ, ಅದರ ಮೇಲಿನ ಗಂಟೆಯನ್ನು ನಿಮ್ಮ ರಸೀದಿಯ ಗಂಟೆಗೆ ಹೋಲಿಸಿ. ಜಿಪಿಎಸ್‌ಗೆ ಸ್ವಂತ ಬ್ಯಾಟರಿ ಇದೆಯೇ ನೋಡಿ. ಗಾಡಿಯ ಬ್ಯಾಟರಿಗೆ ಮಾತ್ರ ಕಟ್ಟಿದ್ದರೆ ಒಂದು ವೈರು ಕಿತ್ತರೆ ಕಂಟ್ರೋಲ್ ರೂಮಿನವರಿಗೆ ಗಾಡಿ ಕೊನೆಯ ಸಿಗ್ನಲ್ಲಿನಲ್ಲೇ ನಿಂತಂತೆ ಕಾಣುತ್ತದೆ. ಟ್ರಾಫಿಕ್ಕೆಂದು ಅವರೂ ಸುಮ್ಮನಿರುತ್ತಾರೆ.

ಜನದ ಲೆಕ್ಕ ಸರಳ: ಚಾಲಕ, ಹಣ, ಕೀ ಎರಡಕ್ಕೂ ಹೊಣೆಯಾದ ಇಬ್ಬರು ಕಸ್ಟೋಡಿಯನ್, ಇಬ್ಬರು ಗನ್‌ಮ್ಯಾನ್. ಒಬ್ಬ ಬಂದೂಕಿನವ ಚಾಲಕನ ಪಕ್ಕ, ಇನ್ನೊಬ್ಬ ಹಿಂದೆ. ಊಟ, ಟೀ, ಲೋಡಿಂಗ್ ಏನೇ ಇರಲಿ, ಒಬ್ಬ ಬಂದೂಕಿನವ ವ್ಯಾನ್ ಬಿಟ್ಟು ಕದಲಬಾರದು. ಚಾಲಕ ಮತ್ತು ದುಡ್ಡು ಇಬ್ಬರೇ ಉಳಿಯಬಾರದೆಂಬುದಕ್ಕೇ ಈ ನಿಯಮ. ಗನ್‌ಮ್ಯಾನ್ ರಜೆ ಹಾಕಿದ ದಿನ ಒಬ್ಬನಲ್ಲೇ ಸುಧಾರಿಸುತ್ತಾರೆ, ಬಿಲ್ಲಿನಲ್ಲಿ ಮಾತ್ರ ಇಬ್ಬರೂ ಇರುತ್ತಾರೆ. ಅವರ ಬಂದೂಕಿನ ಲೈಸೆನ್ಸ್‌ನ ಅವಧಿಯ ಜೊತೆ ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನೂ ಓದಿ. ಕರ್ನಾಟಕಕ್ಕಷ್ಟೇ ಇರುವ ಲೈಸೆನ್ಸ್ ಇಟ್ಟುಕೊಂಡು ಅತ್ತಿಬೆಲೆ ದಾಟಿ ತಮಿಳುನಾಡಿನ ಹೊಸೂರಿಗೆ ಹೋದರೆ ಬಂದೂಕೇ ಹೊರೆ.

ಈಗ ಬೀಗದ ಕೈಗೆ ಬರೋಣ. ಹಳೆಯ ಖಜಾನೆಗಳಲ್ಲಿ ಜಂಟಿ ಬೀಗದ ಪದ್ಧತಿಯಿತ್ತು: ಎರಡು ಬೀಗ, ಇಬ್ಬರ ಕೈಯಲ್ಲಿ ಒಂದೊಂದು ಕೀ, ಇಬ್ಬರೂ ಬಂದರಷ್ಟೇ ಕೋಣೆ ತೆರೆಯುತ್ತದೆ, ತೆರೆದಾಗಲೆಲ್ಲ ಪುಸ್ತಕದಲ್ಲಿ ಇಬ್ಬರ ಸಹಿ. ಅದಕ್ಕಿಂತ ಒಳ್ಳೆಯದನ್ನು ಯಾವ ಆ್ಯಪೂ ತಂದಿಲ್ಲ. ವ್ಯಾನಿನ ಪೆಟ್ಟಿಗೆಯನ್ನು ನೆಲಕ್ಕೆ ಸರಪಳಿಯಿಂದ ಬಿಗಿದು, ಅದರ ಬೀಗಗಳ ಕೀಗಳನ್ನು ಬೇರೆ ಬೇರೆ ಕಸ್ಟೋಡಿಯನ್ ಬಳಿ ಇಡಬೇಕೆಂಬುದು ಅದೇ ಪದ್ಧತಿಯ ಮುಂದುವರಿಕೆ. ರಸ್ತೆಯಲ್ಲಿ ನಡೆಯುವುದು ಬೇರೆ. ದಿನಕ್ಕೆ ಹತ್ತಾರು ಎಟಿಎಂ ಮುಗಿಸುವ ಒತ್ತಡದಲ್ಲಿ ಎರಡೂ ಕೀ ಒಂದೇ ಗೊಂಚಲಿಗೆ ಬೀಳುತ್ತವೆ. ಎಟಿಎಂನ ಕಾಂಬಿನೇಷನ್ ನಂಬರಿನದೂ ಇದೇ ಕಥೆಯಾಗಿತ್ತು: ಅರ್ಧ ಇವನಿಗೆ, ಅರ್ಧ ಅವನಿಗೆ ಗೊತ್ತು, ಒಬ್ಬ ರಜೆ ಹಾಕಿ ಫೋನಿನಲ್ಲಿ ತನ್ನ ಅರ್ಧ ಹೇಳಿದ ದಿನವೇ ಪೂರ್ತಿ ನಂಬರು ಒಬ್ಬನದಾಯಿತು. ಕೆಲಸ ಬಿಟ್ಟ ಮೇಲೂ ಅವನ ತಲೆಯಲ್ಲಿ ಅದು ಇರುತ್ತದೆ. ಅದಕ್ಕೇ ರಿಸರ್ವ್ ಬ್ಯಾಂಕ್ 2019ರ ಜೂನ್‌ನಲ್ಲಿ ಒಂದು ಸಲಕ್ಕೆ ಮಾತ್ರ ನಡೆಯುವ ಕೋಡಿನಿಂದ ತೆರೆಯುವ ಒಟಿಸಿ (ಒನ್ ಟೈಮ್ ಕಾಂಬಿನೇಷನ್) ಬೀಗ ಕಡ್ಡಾಯ ಮಾಡಿತು. ಈ ಬೀಗದಲ್ಲಿ ತೆರೆಯಲು ಬಂದ ಕೋಡಿನಷ್ಟೇ ಮುಖ್ಯ, ಮುಚ್ಚಿದಾಗ ಬರುವ ಕೋಡು. ಅದನ್ನು ಕಂಟ್ರೋಲ್ ರೂಮಿಗೆ ವಾಪಸ್ ಹೇಳುವವರೆಗೆ ಆ ಎಟಿಎಂ ಕೆಲಸ ಮುಗಿದಂತಲ್ಲ. ಮುಚ್ಚಿದ ಕೋಡುಗಳನ್ನು ಸಂಜೆ ಒಟ್ಟಿಗೆ ಒಪ್ಪಿಸುವ ಕಂಪನಿಯನ್ನು ಅಲ್ಲಿಗೇ ಕೈಬಿಡಿ.

ಅಂಗಡಿಯವರಿಗೆ ಬೇಕಾದದ್ದು ಇಷ್ಟು. ಬಂದವನ ಮುಖ, ಗುರುತಿನ ಚೀಟಿ, ಮೊದಲೇ ಕೊಟ್ಟ ಸಹಿ ಮಾದರಿ ಮೂರೂ ಹೊಂದಬೇಕು. ಅನುಮಾನ ಬಂದರೆ ಒಪ್ಪಂದದಲ್ಲಿರುವ ನಂಬರಿಗೆ ಫೋನ್ ಮಾಡಿ; ಅವನು ಹೇಳಿದ ನಂಬರಿಗಲ್ಲ. ನೋಟಿನ ಬಗೆವಾರು ಲೆಕ್ಕ ಬರೆದು, ಒಮ್ಮೆ ಅಂಟಿದರೆ ಹರಿಯದೆ ತೆರೆಯಲಾಗದ ಸೀಲ್ ಚೀಲಕ್ಕೆ ಹಾಕಿ, ಚೀಲದ ನಂಬರನ್ನು ರಸೀದಿಯ ಎಲ್ಲ ಪ್ರತಿಯಲ್ಲೂ ಬರೆಸಿ. ಈ ನಂಬರು ಬಿಟ್ಟುಹೋದರೆ ಮರುದಿನ ಎರಡು ನೋಟು ಕಡಿಮೆ ಬಂದಾಗ ಯಾವ ಚೀಲ ಯಾರದ್ದೆಂದು ಸಾಬೀತು ಮಾಡುವುದು ನಿಮ್ಮ ತಲೆಗೆ ಬರುತ್ತದೆ. ವ್ಯಾನಿನ ದರ ತೆಗೆದುಕೊಂಡು ಬೈಕಿನಲ್ಲಿ ಹುಡುಗನನ್ನು ಕಳಿಸಿದರೆ ಹಣ ಕೊಡಬೇಡಿ.

ದಿನಾ ಮಧ್ಯಾಹ್ನ ಸರಿಯಾಗಿ ಎರಡಕ್ಕೆ ಬರುವ ವ್ಯಾನನ್ನು ಶಿಸ್ತಿನ ಸೇವೆ ಎಂದು ಹೊಗಳುವವರಿದ್ದಾರೆ. ಹಾದಿ ಮತ್ತು ಹೊತ್ತು ಒಂದೇ ಆಗಬಾರದು, ಸಿಬ್ಬಂದಿಯನ್ನು ಆ ದಿನವೇ ಗೊತ್ತು ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಎದುರಿನ ಟೀ ಅಂಗಡಿಯಲ್ಲಿ ಕೂತು ನಾಲ್ಕು ದಿನ ನೋಡುವವನಿಗೆ ಹೊತ್ತು ತಪ್ಪದ ವ್ಯಾನಿಗಿಂತ ಸುಲಭದ್ದು ಬೇರೆ ಇಲ್ಲ. ಎರಡು ಗಂಟೆಯ ಅಂತರದೊಳಗೆ ಯಾವಾಗ ಬೇಕಾದರೂ ಬರಲಿ ಎಂದು ಒಪ್ಪಂದದಲ್ಲೇ ಬರೆಸಿ. ಚುನಾವಣಾ ನೀತಿ ಸಂಹಿತೆ ಇರುವಾಗ ವ್ಯಾನು ಬ್ಯಾಂಕಿನ ಪತ್ರವಿಲ್ಲದೆ ಓಡಾಡುವಂತಿಲ್ಲ, ಬ್ಯಾಂಕುಗಳದ್ದಲ್ಲದ ಹಣ ಒಯ್ಯುವಂತಿಲ್ಲ. ಆ ತಿಂಗಳಿಗೆ ಅಂಗಡಿಯವರು ಬೇರೆ ದಾರಿ ನೋಡಿಕೊಂಡಿರಬೇಕು.

ವಿಮೆಯಲ್ಲಿ ಎರಡು ಸಾಲು ಹುಡುಕಿ. ಒಂದು, ದಾರಿಯಲ್ಲಿ ದರೋಡೆಯಾದರೆ ಪರಿಹಾರ. ಇದನ್ನು ಎಲ್ಲರೂ ತೋರಿಸುತ್ತಾರೆ. ಇನ್ನೊಂದು, ಅವರ ಸಿಬ್ಬಂದಿಯೇ ಕದ್ದರೆ ಪರಿಹಾರ. ಇದು ಬೇರೆ ಪಾಲಿಸಿಯಲ್ಲಿರಬಹುದು, ಮಿತಿಯೂ ಬೇರೆ ಇರಬಹುದು. ಎರಡನೆಯದರ ಮಿತಿ ನಿಮ್ಮ ಒಂದು ದಿನದ ಚೀಲಕ್ಕಿಂತ ಕಡಿಮೆಯಿದ್ದರೆ ಸಹಿ ಹಾಕಬೇಡಿ.