ಪೈಪು ಹೂಳುವ ಮೊದಲು ಹಳ್ಳಕ್ಕೆ ಹೋಗಿ ನೋಡಿ

ಅಥಣಿ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ ನಮ್ಮದು ನಾಲ್ಕು ಎಕರೆ ಎರೆ ಹೊಲ. ಅಪ್ಪನ ಕಾಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆದ ನೆಲ. ನದಿಯ ನೀರು ಹೊಲಕ್ಕೆ ಏರಿದ ಮೇಲೆ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಕಡಿದ ಬುಡದಿಂದ ಚಿಗುರುವ ಕುಳೆ, ಕುಳೆಯ ಬೆನ್ನಿಗೆ ಮತ್ತೆ ಕಬ್ಬು. ಮೋಟರ್ ಇದ್ದವನಿಗೆ ಎಷ್ಟು ಹಾಯಿಸಿದರೂ ತೃಪ್ತಿಯಿಲ್ಲ. ನಾನೂ ಹಾಗೆಯೇ ಇದ್ದೆ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕೆಳಗಿನ ಮೂಲೆ ಜವಳು ಹಿಡಿಯಿತು, ಬೇಸಿಗೆಯಲ್ಲಿ ಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ ಎದ್ದಿತು. ಕಬ್ಬು ಮೊಣಕಾಲೆತ್ತರಕ್ಕೆ ಬಂದು ಗರಿ ಸುಟ್ಟುಕೊಂಡು ನಿಂತಿತು.

ಮೊದಲು ಮೋಸಹೋದದ್ದು ಗೊಬ್ಬರದ ಅಂಗಡಿಯಲ್ಲಿ. ‘ಸವಳಿಗೆ ಜಿಪ್ಸಂ ಹಾಕಿ’ ಎಂದರು, ಎರಡು ಟ್ರ್ಯಾಕ್ಟರ್ ತುಂಬ ತಂದು ಹರಡಿದೆ. ಜಿಪ್ಸಂ ಕೆಟ್ಟದ್ದಲ್ಲ. ಕರಲು ಮಣ್ಣಿನಲ್ಲಿ, ಅಂದರೆ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡು ನೀರು ಇಂಗದಂತೆ ಮಾಡಿದ ಕಡೆ, ಜಿಪ್ಸಂನ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಹೊರದಬ್ಬುತ್ತದೆ. ಹೊರಬಿದ್ದದ್ದನ್ನು ನೀರು ತೊಳೆದುಕೊಂಡು ಹೋಗಬೇಕು. ನನ್ನದು ಕರಲಲ್ಲ, ಬರೀ ಉಪ್ಪು ತುಂಬಿದ ಸವಳು. ಮೇಲಾಗಿ ಮೂರು ಅಡಿ ಅಗೆದರೆ ನೀರು. ತೊಳೆದ ಉಪ್ಪು ಹೋಗುವುದಾದರೂ ಎಲ್ಲಿಗೆ? ಉಪ್ಪಿನ ಹೊಲಕ್ಕೆ ಇನ್ನಷ್ಟು ಉಪ್ಪು ಸೇರಿಸಿ ಬಂದೆ.

ಮಣ್ಣು ಪರೀಕ್ಷೆ ಮಾಡಿಸಿರಲಿಲ್ಲವೇ ಎಂದು ಕೇಳುತ್ತೀರಿ. ಮಾಡಿಸಿದ್ದೆ, ಅಲ್ಲಿಯೂ ಎಡವಿದೆ. ಉಪ್ಪು ಹೆಚ್ಚಿದಷ್ಟೂ ಏರುವ ವಿದ್ಯುತ್ ವಾಹಕತೆ 1.8 (ಡೆಸಿಸೀಮನ್ಸ್/ಮೀಟರ್) ಎಂದು ಚೀಟಿಯಲ್ಲಿತ್ತು. 4 ದಾಟಿದರೆ ಸವಳು ಎಂದು ಎಲ್ಲೋ ಓದಿದ್ದೆ, ಹಾಗಾಗಿ ನನ್ನ ಹೊಲಕ್ಕೆ ಅಂಥದ್ದೇನೂ ಆಗಿಲ್ಲ ಎಂದು ಒಂದು ವರ್ಷ ಹಾಯಾಗಿದ್ದೆ. ಆ 4 ಎಂಬ ಗಡಿ ಮಣ್ಣನ್ನು ನೀರಿನಲ್ಲಿ ಕಲಸಿ, ಆ ಕೆಸರಿನಿಂದ ಹಿಂಡಿ ತೆಗೆದ ದ್ರವಕ್ಕೆ. ನನ್ನ ಚೀಟಿಯಲ್ಲಿದ್ದದ್ದು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಸೇರಿಸಿ ಅಳೆದ ಅಂಕಿ. ಮಜ್ಜಿಗೆಗೆ ನೀರು ಸುರಿದು ಉಪ್ಪು ಕಡಿಮೆ ಎಂದಂತಾಯಿತು. ಯಾವ ಅಳತೆ ಎಂದು ಪ್ರಯೋಗಾಲಯದವರನ್ನು ಕೇಳಿ, ರಸಸಾರ (pH) 8.5ರ ಮೇಲಿದೆಯೇ, ಮಣ್ಣು ಹಿಡಿದಿಟ್ಟ ಸೋಡಿಯಂ ನೂರಕ್ಕೆ 15ನ್ನು ದಾಟಿದೆಯೇ ಎಂದೂ ಕೇಳಿ. ಆಮೇಲೆ ಜಿಪ್ಸಂ ಮಾತು. ಕಬ್ಬಂತೂ 4ರ ತನಕ ಕಾಯುವುದಿಲ್ಲ, ಹತ್ತಿ ಸಹಿಸುವ ಉಪ್ಪಿಗೆ ಅದು ಎಂದೋ ಸೊರಗಿರುತ್ತದೆ.

ಇನ್ನು ಪೈಪಿನ ಕಥೆ. ಇದಕ್ಕಾಗಿಯೇ ಬರೆಯಲು ಕುಳಿತದ್ದು.

ಒಬ್ಬ ಗುತ್ತಿಗೆದಾರ ಬಂದ. ನೆಲದೊಳಗೆ ತೂತಿನ ಪೈಪು ಹೂಳಿದರೆ ಸವಳು ನೀರು ಬಸಿದು ಹಳ್ಳ ಸೇರುತ್ತದೆ ಎಂದ. ಸುಳ್ಳಲ್ಲ, ಒಳಬಸಿ ಕಾಲುವೆ ಎಂದರೆ ಅದೇ, ಚೆನ್ನಾಗಿ ಮಾಡಿದ ಕಡೆ ಹೊಲಗಳು ಬದುಕಿವೆ. ಅರ್ಧ ಹಣ ಮುಂಗಡ. ಜೆಸಿಬಿ ತಂದು ಎರಡೇ ದಿನದಲ್ಲಿ ನಾಲ್ಕೂ ಎಕರೆ ಮುಗಿಸಿದ. ಆ ವೇಗ ನೋಡಿ ನಾನು ಹೊಗಳಿದ್ದೆ ಬೇರೆ. ಮಟ್ಟ ನೋಡುವ ಉಪಕರಣ ಅವನ ಬಳಿ ಇರಲಿಲ್ಲ, ಎಲ್ಲವೂ ಕಣ್ಣಳತೆ. ಪೈಪಿಗೆ ಸುತ್ತಬೇಕಾದ ಸೋಸುಬಟ್ಟೆ ‘ಎರೆ ಮಣ್ಣಿಗೆ ಬೇಡ’ ಎಂದ. ಕೆಲಸ ನಡೆದದ್ದು ಮಾರ್ಚ್‌ನಲ್ಲಿ, ಹಳ್ಳ ಒಣಗಿತ್ತು, ಪೈಪಿನ ಬಾಯಿ ಅದರ ದಂಡೆಯಲ್ಲಿ ಚೆಂದವಾಗಿ ಕಾಣುತ್ತಿತ್ತು.

ಆಗಸ್ಟ್‌ನಲ್ಲಿ ಹಳ್ಳ ತುಂಬಿತು. ಹೂಳು, ಜಾಲಿ ಬೆಳೆದು ನೀರು ಮುಂದಕ್ಕೆ ಸಾಗದೆ ಪೈಪಿನ ಬಾಯಿ ಮುಳುಗಿತು. ಹೊಲದ ನೀರು ಹಳ್ಳಕ್ಕೆ ಹೋಗುವ ಬದಲು ಹಳ್ಳದ ನೀರೇ ಹೊಲಕ್ಕೆ ಬಂತು, ನಾನೇ ದುಡ್ಡು ಕೊಟ್ಟು ಹಾಕಿಸಿದ ದಾರಿಯಲ್ಲಿ! ಗುತ್ತಿಗೆದಾರನ ಮೊಬೈಲ್ ಅಂದಿನಿಂದ ಸ್ವಿಚ್ ಆಫ್.

ಬೇಸಿಗೆಯಲ್ಲಿ ಅಗೆಸಿ ನೋಡಿದೆವು. ಪೈಪು ಹೂರಣ ತುಂಬಿದ ಕಡುಬಿನಂತೆ ಮಣ್ಣು ತುಂಬಿಕೊಂಡಿತ್ತು. ನೂರು ಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರ್ ಇಳಿಯಬೇಕಾದ ಸಾಲು ನಡುವೆ ಒಂದು ಗೇಣು ಮೇಲೆದ್ದಿತ್ತು. ನೋಡಲು ಬಂದ ಮಣ್ಣು ವಿಜ್ಞಾನಿಯೊಬ್ಬರು ಪೈಪನ್ನು ನೋಡಲೇ ಇಲ್ಲ, ನೇರವಾಗಿ ಹಳ್ಳಕ್ಕೆ ನಡೆದು ‘ಮಳೆಗಾಲದಲ್ಲಿ ಇಲ್ಲಿ ನೀರು ಎಷ್ಟು ಎತ್ತರ ನಿಲ್ಲುತ್ತದೆ?’ ಎಂದು ಕೇಳಿದರು. ಆ ಪ್ರಶ್ನೆ ನನಗೂ ಹೊಳೆದಿರಲಿಲ್ಲ, ಗುತ್ತಿಗೆದಾರನಿಗೂ ಬೇಕಿರಲಿಲ್ಲ. ಮೇಲಿನ ಹೊಲದವರು ಕಬ್ಬಿಗೆ ಹಾಯಿಸಿದ ನೀರು ನಿಮ್ಮ ಕಡೆಗೇ ಜಿನುಗುತ್ತದೆ, ಹತ್ತು ಜನ ಸೇರಿ ಒಟ್ಟಿಗೆ ಮಾಡಬೇಕಾದ ಕೆಲಸವಿದು ಎಂದೂ ಹೇಳಿದರು. ಅದಿನ್ನೂ ಆಗಿಲ್ಲ, ನಮ್ಮೂರಿನಲ್ಲಿ ಹತ್ತು ಜನ ಸೇರುವುದು ಮದುವೆ ಊಟಕ್ಕೆ ಮಾತ್ರ.

ಸದ್ಯ ಎರಡು ಸಾಲುಗಳನ್ನು ಮಟ್ಟ ನೋಡಿ, ಸೋಸುಬಟ್ಟೆ ಸುತ್ತಿಸಿ ಮತ್ತೆ ಹೂಳಿಸಿದ್ದೇನೆ. ಕೊನೆಯಲ್ಲಿ ಸಿಮೆಂಟ್ ರಿಂಗ್ ಇಳಿಸಿದ ಗುಂಡಿಯಿದೆ, ಹಳ್ಳ ತುಂಬಿದಾಗ ಪಂಪಿನಿಂದ ಎತ್ತಿ ಹಾಕುತ್ತೇನೆ. ಹಸಿರೆಲೆ ಗೊಬ್ಬರದ ಬೆಳೆ ಡಯಂಚಾ ಬಿತ್ತಿ ಮಣ್ಣಿಗೆ ಸೇರಿಸಿದ ಮೇಲಿನ ಎರಡು ಎಕರೆಯಲ್ಲಿ ಈ ಬಾರಿ ಜೋಳ ಸಾಲು ಹಿಡಿದಿದೆ. ಕೆಳಗಿನ ಮೂಲೆ ಇನ್ನೂ ಬಿಳಿಯೇ.

ಆ ಗುತ್ತಿಗೆದಾರ ಈಗ ನದಿಯ ಆಚೆ ದಂಡೆಯ ಊರುಗಳಲ್ಲಿ ತಿರುಗುತ್ತಿದ್ದಾನೆ ಎಂದು ಕೇಳಿದೆ. ನಿಮ್ಮಲ್ಲಿಗೆ ಬಂದರೆ ಮೊದಲು ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ, ಮಳೆಗಾಲದ ನೀರಿನ ಗುರುತು ತೋರಿಸಿ. ಆಮೇಲೂ ನಿಂತಿದ್ದರೆ ಚಹಾ ಕೊಡಿ. ಮುಂಗಡ ಮಾತ್ರ ಬೇಡ.