ಸಂಜೆಯ ಎರಡನೇ ಕೆಲಸ: ಡೆಲಿವರಿಯೋ, ಡ್ರಾಯಿಂಗೋ?

ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪಿನಲ್ಲಿ ಹಗಲು ಸಿಎನ್‌ಸಿ ಮಷಿನ್ (ಕಂಪ್ಯೂಟರ್ ಆದೇಶದಂತೆ ಲೋಹ ಕೊರೆಯುವ ಯಂತ್ರ) ನಡೆಸುವವರಿಗೆ ಸಂಜೆ ಬೈಕಿನಲ್ಲಿ ಡೆಲಿವರಿ, ಇಲ್ಲವೆ ಯಂತ್ರದ ಭಾಗಗಳ ಡ್ರಾಯಿಂಗ್, ಎರಡೂ ಸಾಧ್ಯ.

ಡೆಲಿವರಿಯಲ್ಲಿ ರೊಕ್ಕ ಬೇಗ ಕೈಗೆ ಬರುತ್ತದೆ. ಪೆಟ್ರೋಲು, ಟೈರು, ಸರ್ವಿಸಿಂಗ್ ಕಳೆದೇ ಲೆಕ್ಕ ಹಾಕಿರಿ. ಮುಂದಿನ ಸಂದರ್ಶನದಲ್ಲಿ ಡೆಲಿವರಿ ಅನುಭವಕ್ಕೆ ಬೆಲೆ ಕಡಿಮೆ. ಸಾಲದ ಕಂತು ಕುತ್ತಿಗೆಗೆ ಬಂದವರಿಗಷ್ಟೇ ಸರಿ.

ಆಟೋಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್) ಡ್ರಾಯಿಂಗಿನಲ್ಲಿ ಮೊದಲ ತಿಂಗಳುಗಳಲ್ಲಿ ಗಳಿಕೆ ಇಲ್ಲವೆಂದೇ ತಿಳಿಯಿರಿ. ಆದರೆ ಕೈ ಕುದುರಿದ ಮೇಲೆ ಆಪರೇಟರ್ ಆಗಿದ್ದವರು ಮಷಿನ್ನಿಗೆ ಆದೇಶ ಬರೆಯುವ ಪ್ರೋಗ್ರಾಮರ್ ಹುದ್ದೆ ಕೇಳಬಹುದು. ಶಾಫ್ಟಿನ ವ್ಯಾಸ 25 ಮಿ.ಮೀ. ಎಂದು ಬರೆದು ಬಿಡದೆ, ಬೇರಿಂಗ್ ಕೂಡುವಲ್ಲಿ ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ನಡೆಯುವ ಹೆಚ್ಚುಕಡಿಮೆ) ಬೇಕೆಂದು ಗುರುತಿಸಿದರೆ ಮಷಿನ್ ಬಲ್ಲವರ ಕೈ ಎಂದು ಗೊತ್ತಾಗುತ್ತದೆ. ನಮ್ಮ ಒಲವು ಇತ್ತಲೇ. ಅಪಾಯವೂ ಇಲ್ಲೇ ಹೆಚ್ಚು: ಹಗಲಿನ ಮಾಲೀಕರ ಗಿರಾಕಿಗೆ ಡ್ರಾಯಿಂಗ್ ಮಾಡಿಕೊಟ್ಟರೆ ನೌಕರಿಗೇ ಕುತ್ತು. ನೇಮಕಾತಿ ಪತ್ರದ ಷರತ್ತು ಓದಿ, ಅನುಮತಿಯನ್ನು ಬರಹದಲ್ಲೇ ಪಡೆಯಿರಿ.

ಎರಡೂ ಕಡೆ ಪಿಎಫ್ ಕಟ್ಟಿದರೆ ಒಂದೇ ಯುಎಎನ್‌ನಲ್ಲಿ (ನೌಕರಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಎರಡು ನೌಕರಿಯ ತಾರೀಖು ಒಂದರ ಮೇಲೊಂದು ಕಾಣುತ್ತವೆ. ಹೊಸ ಕಂಪನಿ ಪ್ರಶ್ನೆ ಎತ್ತುವುದು ಅದನ್ನು ನೋಡಿಯೇ.

ಯಾವುದೇ ಇರಲಿ, ವಾರಕ್ಕೆ ಮೂರು ಸಂಜೆ ಸಾಕು. ನಿದ್ದೆಗಣ್ಣಲ್ಲಿ ಆಫ್‌ಸೆಟ್ (ಟೂಲಿನ ಸ್ಥಾನ ಹೊಂದಿಸುವ ಅಂಕಿ) ತಪ್ಪು ಹಾಕಿದರೆ ಟೂಲ್ ಮುರಿಯುತ್ತದೆ, ಬಡ್ತಿಯ ಮಾತೂ ಅಲ್ಲಿಗೇ ನಿಲ್ಲುತ್ತದೆ.